ದೊಡ್ಡ ಹುಣಸೆಯ ಬೀಜ ತಂದವರು

ನಮ್ಮ ಸಾಲೋಟಗಿಯ ಕಲ್ಲಿಗೆ ತಾರೀಖು ಇದೆ. ರಾಷ್ಟ್ರಕೂಟರ ಮೂರನೇ ಕೃಷ್ಣನ ಕಾಲದ ಆ ಕಂಬದ ಶಾಸನ ಶಕ ವರ್ಷ 867ರದು, ಅಂದರೆ ಕ್ರಿ.ಶ. 945. ಆಗ ಪಾವಿಟ್ಟಗೆ ಎನಿಸಿಕೊಂಡಿದ್ದ ಈ ಊರಲ್ಲಿ ಅರಸನ ಮಂತ್ರಿ ನಾರಾಯಣ ಶಾಲೆ ಕಟ್ಟಿಸಿದ್ದು, ಬೇರೆ ಬೇರೆ ಸೀಮೆಗಳಿಂದ ಬಂದ ವಿದ್ಯಾರ್ಥಿಗಳಿಗೆ 27 ಮನೆಗಳನ್ನು ಬಿಟ್ಟದ್ದು, ದೀಪದ ಖರ್ಚಿಗೆಂದು 12 ನಿವರ್ತನ ಹೊಲ ಕೊಟ್ಟದ್ದು, ಊರವರು ಮದುವೆ ಮುಂಜಿಗಳಲ್ಲಿ ಶಾಲೆಗೆ ಇಂತಿಷ್ಟು ಸಲ್ಲಿಸಬೇಕೆಂದು ಗೊತ್ತು ಮಾಡಿದ್ದು ಎಲ್ಲವೂ ಅದರಲ್ಲಿದೆ. ಓದಬಲ್ಲವರು ಓದಿದರು, ನಾವು ನಂಬಿದೆವು. ವಾದಕ್ಕೆ ಜಾಗವೇ ಇಲ್ಲ.

ಮರಕ್ಕೆ ಇಂಥ ಬರಹ ಇರುವುದಿಲ್ಲ. ಆದ್ದರಿಂದ ಹಳೆಯ ಮರ ಎಲ್ಲಿದ್ದರೂ ಅದರ ಸುತ್ತ ಕಥೆ ಬೆಳೆಯುತ್ತದೆ. ಅರಸರಿದ್ದ ಊರಾದರೆ ಮರ ನೆಟ್ಟವನು ಅರಸನೇ ಆಗಿಬಿಡುತ್ತಾನೆ. ವಿಜಯಪುರದಲ್ಲಿ ಇಬ್ರಾಹಿಂ ರೋಜಾದ ಸಮೀಪ, ಯೋಗಾಪುರದ ಕಡೆ ನಿಂತಿರುವ ದೊಡ್ಡ ಹುಣಸೆಗೂ ಹಾಗೇ ಆಗಿದೆ. ಗೋಳಗುಮ್ಮಟ ನೋಡಿ, ರೋಜಾ ನೋಡಿ, ಮಾಲಿಕ್-ಎ-ಮೈದಾನ್ ತೋಪಿನ ಮುಂದೆ ಫೋಟೋ ತೆಗೆಸಿಕೊಂಡು ಊರಿಗೆ ಮರಳುವ ನಮ್ಮ ಮಂದಿ ಈ ಮರದ ಕಡೆ ಹೋಗುವುದು ಕಡಿಮೆ. ನಮ್ಮ ಮಕ್ತಬಿನ ಹುಡುಗರನ್ನು ಕಟ್ಟಿಕೊಂಡು ಇಂಡಿ ಮೇಲಿಂದ ಬಸ್ಸು ಹಿಡಿದು ನಾವು ಈ ಸಲ ಅದಕ್ಕೆಂದೇ ಹೋದೆವು.

ವಿಜಯಪುರ ಮರಳುಗಾಡಲ್ಲ, ಆದರೆ ಬಿಸಿಲು ಮತ್ತು ಬರದ ಮಟ್ಟಿಗೆ ಅದರ ತಮ್ಮನೇ ಸರಿ. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ, ಅದೂ ಬಂದರೆ ಬಂತು. ಇಂಥ ನೆಲದಲ್ಲಿ ರಾಜಧಾನಿ ಕಟ್ಟಿದ ಆದಿಲ್ ಶಾಹಿಗಳಿಗೆ ಕೋಟೆಯಷ್ಟೇ ದೊಡ್ಡ ಚಿಂತೆ ನೀರು. 1579ರ ಚಾಂದ್ ಬಾವಡಿ, 1620ರ ತಾಜ್ ಬಾವಡಿ, ತೊರವಿಯ ಕಡೆಯಿಂದ ನೆಲದೊಳಗೆ ಹಾಯಿಸಿ ತಂದ ಕಾಲುವೆ, 1651ರ ಬೇಗಂ ತಲಾಬ್, ನೀರಿನ ಒತ್ತಡ ಹಿಡಿಯಲು ದಾರಿಯುದ್ದಕ್ಕೂ ಕಟ್ಟಿದ ಗಂಜ್‌ಗಳು, ಇವನ್ನೆಲ್ಲ ನೋಡಿದರೆ ಊರಿನ ಬಾಯಾರಿಕೆ ಎಷ್ಟೆಂದು ತಿಳಿಯುತ್ತದೆ. ಈ ಮರ ಮಾತ್ರ ಬಾವಡಿ ಬೇಡಲಿಲ್ಲ. ತನ್ನ ನೀರನ್ನು ತನ್ನ ಮೈಯಲ್ಲೇ ಇಟ್ಟುಕೊಂಡಿದೆ.

ಮೊದಲ ಸಲ ನೋಡಿದವರಿಗೆ ಅದು ಮರವೋ ಬುರುಜೋ ಎನಿಸುತ್ತದೆ. ನಮ್ಮ ಐದು ಹುಡುಗರು ಕೈಗೆ ಕೈ ಹಿಡಿದು ನಿಂತರೂ ಸುತ್ತು ಮುಗಿಯಲಿಲ್ಲ. ತೊಗಟೆ ಬೂದು ಬಣ್ಣದ್ದು, ಆನೆಯ ತೊಗಲಿನಂತೆ ಮಡಿಕೆ ಮಡಿಕೆ. ಒಳಗಿನ ಕಟ್ಟಿಗೆ ಗಟ್ಟಿಯಲ್ಲ, ನಾರು ತುಂಬಿದ ಮೆತ್ತನೆಯ ಸ್ಪಂಜಿನಂಥದು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಅದನ್ನೇ ಉಂಡು ಬದುಕುತ್ತದೆ. ಎಲೆಯೂ ವರ್ಷದಲ್ಲಿ ಕೆಲವೇ ತಿಂಗಳು. ಉಳಿದಂತೆ ಬೋಳು ಕೊಂಬೆಗಳನ್ನು ಬೇರಿನಂತೆ ಆಕಾಶಕ್ಕೆ ಚಾಚಿಕೊಂಡು ನಿಲ್ಲುತ್ತದೆ. ಒಂದು ತೊಟ್ಟಿಗೆ ಐದಾರು ಎಲೆಗಳು ಕೈಬೆರಳಿನಂತೆ ಹರಡಿರುತ್ತವೆ. ಕಾಯಿ ಸೋರೆಬುರುಡೆಯಂತೆ ಜೋತು ಬೀಳುತ್ತದೆ, ಒಳಗಿನ ತಿರುಳು ಹುಳಿ. ಅದಕ್ಕೇ ನಮ್ಮವರು ದೊಡ್ಡ ಹುಣಸೆ ಎಂದರು, ದಖನಿ ಮಾತಾಡುವ ಮನೆಗಳಲ್ಲಿ ಗೋರಖ್ ಇಮ್ಲಿ. ನಮ್ಮ ಅಡುಗೆಮನೆಯ ಹುಣಸೆಗೂ ಇದಕ್ಕೂ ರಕ್ತ ಸಂಬಂಧವಿಲ್ಲ, ಹುಳಿಯ ಸಂಬಂಧ ಮಾತ್ರ. ಹೊರಗಿನವರು ಇದನ್ನು ಬಾವೋಬಾಬ್ ಎನ್ನುತ್ತಾರೆ. 1749ರಲ್ಲಿ ಆಫ್ರಿಕಾದ ಸೆನೆಗಲ್‌ಗೆ ಹೋಗಿ ವರ್ಷಗಟ್ಟಲೆ ಇದ್ದು ಈ ಮರವನ್ನು ವರ್ಣಿಸಿದ ಫ್ರೆಂಚ್ ಪಂಡಿತ ಅದಾನ್‌ಸನ್‌ನ ಹೆಸರು ಅದರ ಶಾಸ್ತ್ರೀಯ ನಾಮಕ್ಕೆ ಸೇರಿಕೊಂಡಿದೆ.

ಆದರೆ ಅದಾನ್‌ಸನ್‌ಗಿಂತ 400 ವರ್ಷ ಮೊದಲೇ ನಮಗೆಲ್ಲ ಪರಿಚಿತರಾದ ಇಬ್ನ್ ಬತೂತಾ ಇಂಥ ಮರಗಳನ್ನು ಕಂಡಿದ್ದರು. 1352ರಲ್ಲಿ ಮಾಲಿ ಸಾಮ್ರಾಜ್ಯದ ಕಡೆ ಹೊರಟಾಗ ದಾರಿಯಲ್ಲಿ ಭಾರೀ ಮರಗಳನ್ನು ನೋಡಿದರು. ಕೆಲವು ಪೊಟರೆಗಳಲ್ಲಿ ಮಳೆನೀರು ಬಾವಿಯಂತೆ ನಿಂತಿತ್ತು, ಜನ ಅದನ್ನು ಕುಡಿಯುತ್ತಿದ್ದರು. ಒಂದು ಮರದ ಹೊಟ್ಟೆಯೊಳಗೆ ನೇಕಾರನೊಬ್ಬ ಮಗ್ಗ ಹೂಡಿ ಬಟ್ಟೆ ನೇಯುತ್ತಿದ್ದುದನ್ನು ಕಂಡು ಅವರಿಗೇ ಆಶ್ಚರ್ಯವಾಯಿತು. ಅವರು ಬಣ್ಣಿಸಿದ್ದು ಇದೇ ಜಾತಿಯ ಮರವನ್ನು ಎಂದು ವಿದ್ವಾಂಸರು ತಿಳಿಯುತ್ತಾರೆ. ಇದೇ ಇಬ್ನ್ ಬತೂತಾ ಅದಕ್ಕೂ ಮೊದಲು, 1331ರ ಸುಮಾರಿಗೆ, ಪೂರ್ವ ಆಫ್ರಿಕಾದ ಮೊಂಬಾಸಾ ಮತ್ತು ಕಿಲ್ವಾ ಬಂದರುಗಳಿಗೆ ಹೋಗಿದ್ದರು. ಆಮೇಲೆ ನಮ್ಮ ಹೊನ್ನಾವರಕ್ಕೂ ಬಂದರು. ಮೊಂಬಾಸಾ ಎಂಬ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮರದ ಬಳಿ ನಿಂತರೆ ಹೇಳುವವರು ತಾವಾಗಿಯೇ ಬರುತ್ತಾರೆ. ಒಬ್ಬರು ಇದು ಗಲ್ಲಿನ ಮರ, ಸುಲ್ತಾನರು ಅಪರಾಧಿಗಳನ್ನು ಇಲ್ಲೇ ಮುಗಿಸುತ್ತಿದ್ದರು ಎನ್ನುತ್ತಾರೆ. ಪ್ರವಾಸಿಗಳಿಗೆ ರಕ್ತದ ಕಥೆ ಎಂದರೆ ಇಷ್ಟ, ಹೇಳುವವನಿಗೂ ಎರಡು ಕಾಸು. ಇನ್ನೊಬ್ಬರು ತುರ್ಕಿಯವರು ತಂದು ಕೊಟ್ಟರು ಎನ್ನುತ್ತಾರೆ. ತುರ್ಕಿಯಲ್ಲಿ ಈ ಮರವೇ ಬೆಳೆಯುವುದಿಲ್ಲವಲ್ಲ ಎಂದು ಕೇಳಿದರೆ ಮಾತು ಬೇರೆ ಕಡೆ ತಿರುಗುತ್ತದೆ. ವಯಸ್ಸು ಕೇಳಿದರೆ ಒಬ್ಬೊಬ್ಬರದು ಒಂದೊಂದು ಲೆಕ್ಕ, ನೂರರ ಮೇಲೆ ನೂರು ಏರಿಸುತ್ತ ಹೋಗುತ್ತಾರೆ.

ದೊಡ್ಡ ಹುಣಸೆಯ ವಯಸ್ಸನ್ನು ಸುತ್ತಳತೆ ನೋಡಿ ಹೇಳಲು ಬರುವುದಿಲ್ಲ. ಬೇರೆ ಮರ ಕಡಿದರೆ ಕಾಣುವ ವರ್ಷದ ಬಳೆಗಳು ಇದರಲ್ಲಿ ಮಸುಕು. ಹಳೆಯದಾದಂತೆ ಮರದ ನಡುವೆ ಟೊಳ್ಳೂ ಬೀಳುತ್ತದೆ. ಬರದಲ್ಲಿ ಕುಗ್ಗುತ್ತದೆ, ಮಳೆಯಲ್ಲಿ ಹಿಗ್ಗುತ್ತದೆ. ಹೀಗಾಗಿ ಕಟ್ಟಿಗೆಯ ಚೂರು ತೆಗೆದು ಅದರ ಇಂಗಾಲವನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿಯೇ ಹೇಳಬೇಕು. ಉತ್ತರ ಪ್ರದೇಶದ ಬಾರಾಬಂಕಿ ಜಿಲ್ಲೆಯ ಕಿಂಟೂರಿನಲ್ಲಿ ಪಾರಿಜಾತ ಎಂದು ಕರೆಸಿಕೊಳ್ಳುವ ಮರವೂ ಇದೇ ಜಾತಿಯದು. ಅಲ್ಲಿಯ ಜನ ಅದನ್ನು ಪಾಂಡವರ ಕಾಲಕ್ಕೆ ಒಯ್ಯುತ್ತಾರೆ. ಪರೀಕ್ಷೆಯಲ್ಲಿ ಬಂದ ವಯಸ್ಸು ಸುಮಾರು 800 ವರ್ಷ. ಪುರಾಣಕ್ಕಿಂತ ಬಹಳ ಕಡಿಮೆ, ಸುಲ್ತಾನರ ಕಥೆಗಿಂತ ಬಹಳ ಹೆಚ್ಚು. ಆದಿಲ್ ಶಾಹಿ ವಂಶ ಶುರುವಾಗುವ ಮೊದಲೇ, ಬಹಮನಿಗಳಿಗೂ ಮೊದಲೇ, ಈ ದೇಶದ ನೆಲದಲ್ಲಿ ಆಫ್ರಿಕಾದ ಬೀಜ ಮೊಳೆತಿತ್ತು ಎಂದಾಯಿತು.

ಮರದ ಕೆಳಗೆ ಹುಡುಗರು ಬುತ್ತಿ ಬಿಚ್ಚಿದರು. ಜೋಳದ ರೊಟ್ಟಿ, ಶೇಂಗಾ ಹಿಂಡಿ. ಇದು ಆಫ್ರಿಕಾದ ಮರ ಎಂದು ನಾವು ಹೇಳಿದ್ದೇ ತಡ, ಒಬ್ಬ ಹುಡುಗ ಪಕ್ಕದವನಿಗೆ, "ಏ ಹಬ್ಶಿ, ಇದು ನಿಮ್ಮಪ್ಪನ ಗಿಡ ನೋಡೋ" ಅಂದ. ಪಕ್ಕದವನ ಬಣ್ಣ ಸ್ವಲ್ಪ ಕಪ್ಪು. ಎಲ್ಲರೂ ನಕ್ಕರು, ಅವನೂ ನಕ್ಕ, ಆದರೆ ರೊಟ್ಟಿ ಮುರಿಯುವ ಕೈ ನಿಂತುಹೋಯಿತು. ನಾವು ಬೈಯಲಿಲ್ಲ. "ಈ ಊರನ್ನು ಆಳಿದ ಹಬ್ಶಿಗಳ ಹೆಸರು ಗೊತ್ತೇನ್ರೋ?" ಎಂದು ಕೇಳಿದೆವು. "ಹಬ್ಶಿಗಳು ಆಳ್ಯಾರ್ರೀ ಹಜರತ್, ಇಲ್ಲಿ?" ಎಂದು ಅದೇ ಹುಡುಗ ಕಣ್ಣು ಅಗಲಿಸಿದ.

ಆಳಿದ್ದಾರೆ. ಎರಡನೇ ಇಬ್ರಾಹಿಂ 1580ರಲ್ಲಿ ಗಾದಿಗೆ ಬಂದಾಗ ಒಂಬತ್ತು ಹತ್ತು ವರ್ಷದ ಮಗು. ಅವನ ಹೆಸರಲ್ಲಿ ರಾಜ್ಯ ನಡೆಸಿದವರಲ್ಲಿ ಹಬ್ಶಿ ಸರದಾರ ದಿಲಾವರ್ ಖಾನ್ ಒಬ್ಬ. 1582ರಿಂದ 1590ರವರೆಗೆ ಬಿಜಾಪುರದ ಆಡಳಿತ ಅವನ ಕೈಯಲ್ಲಿತ್ತು. ಇಬ್ರಾಹಿಮನ ಮಗ ಮುಹಮ್ಮದ್ ಆದಿಲ್ ಶಾಹನ ಕಾಲದಲ್ಲಿ ಮಲಿಕ್ ರೈಹಾನ್ ಎಂಬ ಹಬ್ಶಿ ಗುಲಾಮ ಮೇಲೇರಿ ಇಖ್ಲಾಸ್ ಖಾನ್ ಎಂಬ ಬಿರುದು ಪಡೆದು ರಾಜ್ಯದ ಪ್ರಧಾನ ಪುರುಷನಾದ. ಸುಲ್ತಾನ ಆನೆಯ ಮೇಲೆ ಮುಂದೆ, ಅವನ ಹಿಂದೆ ಇಖ್ಲಾಸ್ ಖಾನ್ ಕುಳಿತ ಚಿತ್ರವನ್ನು ಅಂದಿನ ಕಲಾವಿದರು ಬರೆದಿದ್ದಾರೆ. ಅವನ ಚಿತ್ರಗಳು ಇಂದು ವಿದೇಶದ ಸಂಗ್ರಹಾಲಯಗಳಲ್ಲಿವೆ. ನಮ್ಮ ಮನೆಯ ಗೋಡೆಗಳಲ್ಲಿ ಗೋಳಗುಮ್ಮಟದ ಕ್ಯಾಲೆಂಡರ್ ಮಾತ್ರ ಇದೆ. 1660ರಲ್ಲಿ ಪನ್ಹಾಳ ಕೋಟೆಗೆ ಮುತ್ತಿಗೆ ಹಾಕಿದ ಬಿಜಾಪುರದ ಸೇನಾಪತಿ ಸಿದ್ದಿ ಜೌಹರ್. ಕೊನೆಯ ಸುಲ್ತಾನ ಸಿಕಂದರನ ಬಾಲ್ಯದಲ್ಲಿ ರಾಜ್ಯದ ಹೊಣೆ ಹೊತ್ತವನು ಸಿದ್ದಿ ಮಸೂದ್; ಆದೋನಿಯ ಶಾಹಿ ಜಾಮಿಯಾ ಮಸೀದಿ ಅವನೇ ಕಟ್ಟಿಸಿದ್ದು. ಅಲ್ಲಿ ನಮಾಜ್ ಮಾಡಿ ಬಂದ ನಮ್ಮ ಸೀಮೆಯ ವ್ಯಾಪಾರಸ್ಥರು ಎಷ್ಟೋ ಮಂದಿ.

ಪಕ್ಕದ ಅಹ್ಮದ್‌ನಗರದ ಮಲಿಕ್ ಅಂಬರನನ್ನು ಬಿಟ್ಟು ಈ ಮಾತು ಮುಗಿಯುವುದಿಲ್ಲ. 1548ರ ಸುಮಾರಿಗೆ ಇಥಿಯೋಪಿಯಾದಲ್ಲಿ ಹುಟ್ಟಿದ ಅವನಿಗೆ ಮೊದಲಿದ್ದ ಹೆಸರು ಚಾಪು. ಮಾರಿದರು, ಕೊಂಡವರು ಮತ್ತೆ ಮಾರಿದರು, ಕೈಯಿಂದ ಕೈಗೆ ದಾಟಿ ದಖ್ಖನ್ನಿಗೆ ಬಂದ. ಧಣಿ ತೀರಿದ ಮೇಲೆ ಬಿಡುಗಡೆಯಾಗಿ ಕೆಲಕಾಲ ಬಿಜಾಪುರದಲ್ಲೂ ಚಾಕರಿ ಮಾಡಿದ. ಆಮೇಲೆ ಅಹ್ಮದ್‌ನಗರದ ನಿಜಾಮ್ ಶಾಹಿಯನ್ನು ಕಾಲು ಶತಮಾನ ಎತ್ತಿ ಹಿಡಿದ, ಮೊಗಲರಿಗೆ ತಲೆನೋವಾದ, 1624ರಲ್ಲಿ ಭಾತವಡಿಯಲ್ಲಿ ಮೊಗಲ್ ಮತ್ತು ಬಿಜಾಪುರದ ಕೂಡು ಸೈನ್ಯವನ್ನೇ ಸೋಲಿಸಿದ. ಖಡಕಿ ಎಂಬ ಊರು ಕಟ್ಟಿದ, ಅದೇ ಮುಂದೆ ಔರಂಗಾಬಾದ್ ಆಯಿತು. ಅಲ್ಲಿಗೂ ನೆಲದೊಳಗಿನ ಕಾಲುವೆಯಿಂದ ನೀರು ತಂದದ್ದು ಅವನೇ. 1626ರಲ್ಲಿ ತೀರಿದ, ಖುಲ್ದಾಬಾದಿನಲ್ಲಿ ಗೋರಿ ಇದೆ.

ಈ ಹೆಸರುಗಳನ್ನು ಒಂದು ಕ್ಷಣ ಕಿವಿಗೊಟ್ಟು ಕೇಳಿ. ಅಂಬರ್ ಎಂದರೆ ಸುಗಂಧದ್ರವ್ಯ, ರೈಹಾನ್ ಎಂದರೆ ಘಮಘಮಿಸುವ ಕಾಮಕಸ್ತೂರಿ, ಜೌಹರ್ ಎಂದರೆ ರತ್ನ, ಯಾಕೂತ್ ಎಂದರೆ ಮಾಣಿಕ್ಯ. ಗುಲಾಮರನ್ನು ಕೊಂಡವರು ಅವರಿಗೆ ಇಂಥ ಹೆಸರಿಡುತ್ತಿದ್ದರು. ತಂದೆ ತಾಯಿ ಇಟ್ಟ ಹೆಸರು ಹಡಗಿನಲ್ಲೇ ಹೋಯಿತು. ಇಬ್ರಾಹಿಂ ರೋಜಾ ಕಟ್ಟುವ ಉಸ್ತುವಾರಿ ನೋಡಿದ, ತಾಜ್ ಬಾವಡಿ ಕಟ್ಟಿಸಿದ ಮಲಿಕ್ ಸಂದಲನ ಹೆಸರೂ ಇದೇ ಬಗೆಯದು. ಸಂದಲ್ ಎಂದರೆ ಗಂಧದ ಮರ.

ಇಲ್ಲಿ ಒಂದು ಮಾತು ಬಿಚ್ಚಿ ಹೇಳಬೇಕು. ಈ ಮನುಷ್ಯರನ್ನು ಮಾರಿದವರಲ್ಲಿ, ಹಡಗಿಗೆ ಹತ್ತಿಸಿದವರಲ್ಲಿ, ಕೊಂಡವರಲ್ಲಿ ಮುಸ್ಲಿಮ್ ವರ್ತಕರೂ ಅಮೀರರೂ ಇದ್ದರು. ಪೋರ್ಚುಗೀಸರು ಬಂದ ಮೇಲೆ ಅವರೂ ಅದೇ ವ್ಯಾಪಾರ ಹಿಡಿದರು. 1510ರಲ್ಲಿ ಆದಿಲ್ ಶಾಹಿಯಿಂದ ಕಸಿದುಕೊಂಡ ಗೋವಾ ಅದಕ್ಕೊಂದು ಸಂತೆಯಾಯಿತು. ಪೋರ್ಚುಗೀಸರ ಪಾಪ ಎಣಿಸುವಾಗ ನಮಗೆ ಸ್ವರ ಏರುತ್ತದೆ, ನಮ್ಮವರದು ಬಂದಾಗ ಇಳಿಯುತ್ತದೆ. ಗುಲಾಮನನ್ನು ಬಿಡುಗಡೆ ಮಾಡುವುದು ಇಷ್ಟೊಂದು ಪುಣ್ಯದ ಕೆಲಸ ಎಂದು ಕಲಿತ ಸಮುದಾಯ ಇಷ್ಟು ಶತಮಾನ ಕೊಳ್ಳುತ್ತಲೂ ಇತ್ತಲ್ಲ ಎಂಬುದನ್ನು ಇತಿಹಾಸ ಓದುವ ನಮ್ಮ ಮಕ್ಕಳು ಒಂದಲ್ಲ ಒಂದು ದಿನ ಕೇಳಿಯೇ ಕೇಳುತ್ತಾರೆ. ಬೇರೆಯವರ ಬಾಯಿಂದ ಕೇಳುವ ಮೊದಲು ನಮ್ಮಿಂದ ಕೇಳಲಿ.

ಮತ್ತೆ ಮರಕ್ಕೆ ಬರೋಣ. 2015ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಒಂದು ಪತ್ರಿಕೆಯಲ್ಲಿ ಈ ಮರಗಳ ಅಧ್ಯಯನವೊಂದು ಪ್ರಕಟವಾಯಿತು. ಕರೆನ್ ಬೆಲ್, ಹರಿಪ್ರಿಯಾ ರಂಗನ್ ಮತ್ತು ಜೊತೆಗಾರರು ಆಫ್ರಿಕಾದ ಮತ್ತು ಭಾರತದ ಮರಗಳ ವಂಶವಾಹಿಗಳನ್ನು ಹೋಲಿಸಿ ನೋಡಿದರು. ಭಾರತದ ಮರಗಳಿಗೆ ಅತಿ ಹತ್ತಿರದ ಬಂಧುಗಳು ಸಿಕ್ಕಿದ್ದು ಮೊಂಬಾಸಾದಿಂದ ದಾರುಸ್ಸಲಾಮ್‌ವರೆಗಿನ ಕರಾವಳಿಯಲ್ಲಿ. ಇಬ್ನ್ ಬತೂತಾ ಇಳಿದಿದ್ದ ಅದೇ ತೀರ. ಬೀಜ ಒಂದೇ ಸಲ ಬಂದದ್ದಲ್ಲ, ಹಿಂದೆ ಎಣಿಸಿದ್ದಕ್ಕಿಂತ ದೀರ್ಘ ಕಾಲದಲ್ಲಿ ಹಲವು ಸಲ ಬಂದದ್ದು ಎಂಬುದು ಅವರ ಇನ್ನೊಂದು ತೀರ್ಮಾನ. ಸುಲ್ತಾನನ ತೋಟಕ್ಕೆ ಒಂದು ದಿನ ಬಂದ ಕಾಣಿಕೆಯ ಕಥೆಗೆ ಇದು ಹೊಂದುವುದಿಲ್ಲ. ತಲೆಮಾರುಗಳವರೆಗೆ ಹಡಗು ಹತ್ತಿ ಇಳಿದ ಸಾವಿರಾರು ಜನರ ಓಡಾಟಕ್ಕೆ ಹೊಂದುತ್ತದೆ.

ಕಾಯಿಯ ಗುಣವನ್ನೂ ನೋಡಿ. ಚಿಪ್ಪು ಗಟ್ಟಿ, ಒಳಗಿನ ತಿರುಳು ತಾನಾಗಿ ಒಣಗಿ ಪುಡಿಯಂತಾಗುತ್ತದೆ, ತಿಂಗಳುಗಟ್ಟಲೆ ಕೆಡುವುದಿಲ್ಲ. ನೀರಲ್ಲಿ ಕದಡಿದರೆ ಹುಳಿ ಪಾನಕ. ಎಲೆಯನ್ನು ಆಫ್ರಿಕಾದಲ್ಲಿ ಸೊಪ್ಪಿನಂತೆ ಬೇಯಿಸಿ ಉಣ್ಣುತ್ತಾರೆ, ತೊಗಟೆಯ ನಾರಿನಿಂದ ಹಗ್ಗ ಹೊಸೆಯುತ್ತಾರೆ. ತೊಗಟೆ ಸುಲಿದರೂ ಮರ ಸಾಯದೆ ಮತ್ತೆ ಬೆಳೆಸಿಕೊಳ್ಳುತ್ತದೆ. ಬಡವನ ಗಂಟಿನಲ್ಲಿ ಕಟ್ಟಿಕೊಳ್ಳುವ ವಸ್ತು ಇದು. ಖಲಾಸಿಯೋ, ಸಿಪಾಯಿಯೋ, ಹೆಸರು ಕಳೆದುಕೊಂಡ ಗುಲಾಮನೋ ದಾರಿಯ ಹಸಿವಿಗೆಂದು ತಂದ ಕಾಯಿಯ ಬೀಜ ಇಲ್ಲಿ ನೆಲ ಸೇರಿತು ಎಂಬುದು ನಮ್ಮ ಊಹೆ. ಊಹೆ ಎಂದೇ ಓದಿರಿ. ಆದರೆ ತುರ್ಕಿಯ ಕಥೆಗಿಂತ ಇದಕ್ಕೆ ಕಾಲು ಗಟ್ಟಿ.

ಹುಡುಗರಿಗೆ ಅಲ್ಲೇ ಇನ್ನೆರಡು ಸಂಗತಿ ಹೇಳಿದೆವು. ಮಕ್ಕಾದಲ್ಲಿ ಹಿಂಸೆ ತಾಳದೆ ಹೊರಟ ಮೊದಲ ಮುಸ್ಲಿಮರಿಗೆ ಆಸರೆ ಕೊಟ್ಟದ್ದು ಹಬಶ ದೇಶ, ಅದರ ದೊರೆ ನಜಾಶಿ. ಇನ್ನೊಂದು ಹಜರತ್ ಅಬೂದರ್(ರ) ಅವರದು: ಸಿಟ್ಟಿನಲ್ಲಿ ಒಬ್ಬರನ್ನು ತಾಯಿಯ ಮೂಲ ಎತ್ತಿ ಹಂಗಿಸಿದಾಗ, ನಿಮ್ಮಲ್ಲಿ ಇನ್ನೂ ಜಾಹಿಲಿಯತ್ತು ಉಳಿದಿದೆ ಎಂದು ಪ್ರವಾದಿವರ್ಯರು(ಸ) ಎಚ್ಚರಿಸಿದ ಸಂಗತಿ ಬುಖಾರಿಯಲ್ಲಿದೆ. ಹಂಗಿಸಿಕೊಂಡವರು ಹಜರತ್ ಬಿಲಾಲ್(ರ) ಎಂದು ವ್ಯಾಖ್ಯಾನಕಾರರು ಹೇಳುತ್ತಾರೆ.

ಹುಡುಗರು ಈ ಮಾತನ್ನು ಎಲ್ಲಿಂದ ಕಲಿತರು? ಮನೆಯಿಂದ. ಜುಮ್ಮಾ ದಿನ ಬಿಲಾಲರ(ರ) ಅಜಾನಿನ ಕಥೆ ಕೇಳಿ ಕಣ್ಣೊರೆಸಿಕೊಳ್ಳುವವರೇ ಶನಿವಾರ ಹೆಣ್ಣು ನೋಡಲು ಹೋಗಿ, ಹುಡುಗಿಯ ಓದು ನಡತೆ ಎಲ್ಲ ಒಪ್ಪಿ, ಬಣ್ಣ ಸ್ವಲ್ಪ ಕಡಿಮೆ ಎಂದು ಚಹಾ ಕುಡಿದು ಎದ್ದು ಬರುತ್ತಾರೆ. ನಿಕಾಹಿನ ಮಾತುಕತೆಗಳಲ್ಲಿ ಕುಳಿತಿರುವ ನಮಗೆ ಇದು ಗೊತ್ತಿಲ್ಲದ್ದೇನಲ್ಲ. "ಹಬ್ಶಿ ಇದ್ದಂಗ ಅದಾಳ" ಎಂಬ ಮಾತು ಅಡುಗೆಮನೆಯಿಂದ ಹೊರಕೋಣೆಯವರೆಗೆ ಕೇಳಿಸುತ್ತದೆ, ಒಮ್ಮೊಮ್ಮೆ ಹುಡುಗಿಗೂ.

ಹಬ್ಶಿಗಳು ಮುಗಿದುಹೋದ ಇತಿಹಾಸವೂ ಅಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಾಡುಗಳಲ್ಲಿ ಸಿದ್ದಿ ಬಾಂಧವರಿದ್ದಾರೆ. ಗೋವಾದ ಪೋರ್ಚುಗೀಸರ ಕೈಯಿಂದ ತಪ್ಪಿಸಿಕೊಂಡು ಘಟ್ಟ ಹತ್ತಿದವರ ಮಕ್ಕಳು ಬಹಳ. ಅವರಲ್ಲಿ ಹಿಂದೂಗಳು, ಕ್ರೈಸ್ತರು, ಮುಸ್ಲಿಮರು ಮೂವರೂ ಇದ್ದಾರೆ, ಕೊಂಕಣಿ ಕನ್ನಡ ಎರಡೂ ಆಡುತ್ತಾರೆ. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿನ ಸದಸ್ಯರಾದರು. ನಮ್ಮ ಜಮಾಅತುಗಳು ಹಳಿಯಾಳದವರೆಗೆ ಹೋಗಿಬರುತ್ತವೆ. ಅಲ್ಲಿಯ ಸಿದ್ದಿ ಮುಸ್ಲಿಮರ ಮನೆಗೆ ಹೆಣ್ಣು ಕೊಟ್ಟು ತಂದ ಮಾತು ಮಾತ್ರ ನಮ್ಮ ಕಡೆ ಕೇಳಿಲ್ಲ.

ಮರದ ವಿಷಯದಲ್ಲಿ ಇನ್ನೊಂದು ಅತಿಯೂ ಇದೆ. ಹಳೆಯ ಮರ ಕಂಡರೆ ದಾರ ಕಟ್ಟುವವರು, ಹರಕೆ ಹೊರುವವರು ಎಲ್ಲ ಸಮುದಾಯಗಳಲ್ಲೂ ಇದ್ದಾರೆ. ಹುದೈಬಿಯಾದಲ್ಲಿ ಸಹಾಬಿಗಳು ಪ್ರವಾದಿವರ್ಯರ(ಸ) ಕೈಯಲ್ಲಿ ಪ್ರತಿಜ್ಞೆ ಮಾಡಿದ್ದು ಒಂದು ಮರದ ಕೆಳಗೆ. ಕುರ್‌ಆನಿನಲ್ಲೇ ಆ ಮರದ ಪ್ರಸ್ತಾಪವಿದೆ. ಮರುವರ್ಷ ಹೋದಾಗ ಅದು ಯಾವ ಮರ ಎಂದು ಅಲ್ಲಿದ್ದವರಿಗೇ ಗುರುತು ಸಿಗಲಿಲ್ಲ ಎಂಬ ವರದಿ ಬುಖಾರಿಯಲ್ಲಿದೆ. ಜನ ಒಂದು ಮರವನ್ನು ಅದೇ ಎಂದು ತಿಳಿದು ಅಲ್ಲಿ ನಮಾಜಿಗೆ ಸೇರತೊಡಗಿದಾಗ ಹಜರತ್ ಉಮರ್(ರ) ಅದನ್ನು ಕಡಿಸಿದರು ಎಂದು ಇಬ್ನ್ ಸಅದ್ ಬರೆಯುತ್ತಾರೆ. ಇದನ್ನು ಹಿಡಿದುಕೊಂಡು ಹಳೆಯ ಮರಗಳಿಗೆ ಕೊಡಲಿ ಎತ್ತುವವರು ಹಜರತ್ ಅಬೂಬಕರ್(ರ) ಅವರನ್ನೂ ನೆನೆಯಬೇಕು. ಯುದ್ಧಕ್ಕೆ ಹೊರಟ ಸೈನ್ಯಕ್ಕೇ ಫಲ ಕೊಡುವ ಮರ ಕಡಿಯಬೇಡಿ ಎಂದು ತಾಕೀತು ಮಾಡಿದವರು ಅವರು. ಮರ ಪೂಜೆಗೂ ಅಲ್ಲ, ಚಾಕುವಿನಿಂದ ಹೆಸರು ಕೆತ್ತುವುದಕ್ಕೂ ಅಲ್ಲ. ತೊಗಟೆಯ ಮೇಲೆ ಪ್ರೇಮಿಗಳ ಹೆಸರು, ಹೃದಯದ ಗುರುತು. ಮರ ಅವನ್ನೂ ಮೈಯೊಂದಿಗೆ ಬೆಳೆಸುತ್ತಿದೆ.

ದೊಡ್ಡ ಹುಣಸೆಗೆ ಸಾವಿಲ್ಲ ಎಂದೇನೂ ಅಲ್ಲ. ಆಫ್ರಿಕಾದ ಅತಿ ಹಳೆಯ 13 ಮರಗಳಲ್ಲಿ 9 ಮರಗಳು ಹನ್ನೆರಡು ವರ್ಷಗಳ ಒಳಗೆ ಪೂರ್ತಿಯಾಗಿ ಇಲ್ಲವೇ ಭಾಗಶಃ ಸತ್ತವು ಎಂದು 2018ರಲ್ಲಿ ವರದಿಯಾಯಿತು. ನಮ್ಮ ಸವಣೂರಿನಲ್ಲಿ ಒಂದೇ ಆವರಣದಲ್ಲಿ ಇಂಥ ಮೂರು ಮರಗಳಿವೆ, ದೊಡ್ಡ ಹುಣಸೆ ಕಲ್ಮಠ ಎಂದೇ ಆ ಜಾಗಕ್ಕೆ ಹೆಸರು. ಸವಣೂರ ನವಾಬರ ಮೂಲಪುರುಷ ಅಬ್ದುಲ್ ರವೂಫ್ ಖಾನ್ ಬಿಜಾಪುರದ ಸರದಾರನಾಗಿದ್ದವನು. ಮರಗಳನ್ನು ಶತಮಾನಗಳಿಂದ ಕಾಯುತ್ತಿರುವುದು ಮಠ. 2023ರ ಜುಲೈ ಮಳೆಯಲ್ಲಿ ಮೂರರಲ್ಲೊಂದು ಬುಡಸಹಿತ ಉರುಳಿತು. ಹೋಯಿತು ಎಂದು ಕೈಬಿಡದೆ ಕೊಂಬೆಗಳನ್ನು ಸವರಿ ಯಂತ್ರಗಳಿಂದ ಎತ್ತಿ ಅದೇ ಜಾಗದಲ್ಲಿ ಮತ್ತೆ ನಿಲ್ಲಿಸಿದರು.

ಯೋಗಾಪುರಕ್ಕೆ ಹೋಗುವವರು ಮುಂಗಾರು ಬಿದ್ದ ಮೇಲೆ ಹೋಗಿರಿ. ಆಗ ಎಲೆ ಇರುತ್ತದೆ, ಅದೃಷ್ಟವಿದ್ದರೆ ಹೂವೂ. ಅಂಗೈ ಅಗಲದ ಬಿಳಿಯ ಹೂ ತಲೆಕೆಳಗಾಗಿ ಜೋತು, ಸಂಜೆಯ ಮೇಲೆ ಅರಳಿ, ರಾತ್ರಿ ಬಾವಲಿಗಳನ್ನು ಕರೆದು, ಮರುದಿನ ಬಾಡುತ್ತದೆ. ಬಿದ್ದ ಕಾಯಿ ಸಿಕ್ಕರೆ ಬೀಜ ತನ್ನಿ. ಚಿಪ್ಪು ಬಲು ಗಟ್ಟಿಯಾದ್ದರಿಂದ ಒಂದು ಬದಿ ಸ್ವಲ್ಪ ಉಜ್ಜಿ ಬಿಸಿನೀರಲ್ಲಿ ಒಂದು ರಾತ್ರಿ ನೆನೆಹಾಕಬೇಕು. ನಮ್ಮ ಹುಡುಗರು ನಾಲ್ಕು ಬೀಜ ಊರಿದ್ದಾರೆ, ಎರಡು ಮೊಳೆತಿವೆ. ಮರ ನೋಡಿಕೊಂಡು ರೋಜಾಕ್ಕೂ ಹೋಗಿ, ಒಳಗೆ ಪಾರ್ಸಿ ಬಲ್ಲವರು ಜೊತೆಗಿದ್ದರೆ ಮಲಿಕ್ ಸಂದಲನ ಹೆಸರಿರುವ ಬರಹ ತೋರಿಸಲು ಹೇಳಿರಿ.